ಶಾಲಾ ಸಂಸತ್ತು ಆಗಸ್ಟ್‌ನಲ್ಲೇ ಮಲಗಿಬಿಟ್ಟರೆ ಏನು ಮಾಡುವುದು?

ಪ್ರಶ್ನೆ: ನಾನು ಬ್ರಹ್ಮಾವರ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. 164 ಮಕ್ಕಳಿದ್ದಾರೆ. ಪ್ರತಿ ಜೂನ್‌ನಲ್ಲಿ ಮೊಬೈಲಿನ ಮತಯಂತ್ರದ ಆ್ಯಪ್‌ನಲ್ಲಿ ಶಾಲಾ ಸಂಸತ್ತಿನ ಚುನಾವಣೆ ಮಾಡಿಸುತ್ತೇವೆ, ಪ್ರಮಾಣವಚನವನ್ನೂ ಚೆನ್ನಾಗಿ ಮಾಡುತ್ತೇವೆ. ಆಗಸ್ಟ್ ಹೊತ್ತಿಗೆ ಸಂಸತ್ತು ಇದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಕಳೆದ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಮಕ್ಕಳು ಬೀದಿದೀಪ, ಕಾಲುಸಂಕ (ತೋಡು ದಾಟುವ ಕಿರುಸೇತುವೆ), ಬಸ್ಸು ಎಂದು ಮೂರು ಬೇಡಿಕೆ ಇಟ್ಟರು. ಪಂಚಾಯತ್‌ನವರು ‘ನೋಡೋಣ’ ಎಂದರು, ಅಲ್ಲಿಗೆ ಮುಗಿಯಿತು. ‘ಟೀಚರ್, ಇನ್ನು ಯಾಕೆ ಕೇಳುವುದು?’ ಎಂದು ಹುಡುಗನೊಬ್ಬ ಕೇಳಿದ. ಕೊರಗ ಸಮುದಾಯದ ಮಕ್ಕಳು, ಕೆಲಸಕ್ಕೆ ಬಂದ ಹೊರಜಿಲ್ಲೆಯವರ ಮಕ್ಕಳು ಬಾಯಿಯನ್ನೇ ಬಿಡುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಆ ಹುಡುಗ ಪಾಠ ಕಲಿತಿದ್ದಾನೆ, ತಪ್ಪು ಪಾಠ ಕಲಿತಿದ್ದಾನೆ ಅಷ್ಟೆ. ಕೇಳಿದ ಪ್ರಶ್ನೆಗೆ ಮುಂದೆ ಏನಾಯಿತು ಎಂಬುದರಿಂದಲೇ ಮಕ್ಕಳು ಪ್ರಜಾಪ್ರಭುತ್ವವನ್ನು ಅಳೆಯುತ್ತಾರೆ. ಮತ ಹಾಕುವುದು ವರ್ಷಕ್ಕೆ ಹತ್ತು ನಿಮಿಷದ ಕೆಲಸ, ಉತ್ತರಕ್ಕೆ ಕಾಯುವುದು ಉಳಿದ ಹತ್ತು ತಿಂಗಳ ಕೆಲಸ. ನಮ್ಮ ಹೆಚ್ಚಿನ ಶಾಲೆಗಳಲ್ಲಿ ಹತ್ತು ನಿಮಿಷಕ್ಕೆ ಆಗುವ ತಯಾರಿ ಹತ್ತು ತಿಂಗಳಿಗೆ ಆಗುವುದಿಲ್ಲ. ಹಾಗಾಗಿ ಚುನಾವಣೆಯ ಸಂಭ್ರಮವನ್ನು ಸ್ವಲ್ಪ ಇಳಿಸಿ, ಉತ್ತರ ಬರುವ ದಾರಿಯನ್ನು ಗಟ್ಟಿ ಮಾಡಿ. ಕೆಳಗೆ ಬರೆದಿರುವುದೆಲ್ಲ ಅದರ ವಿವರ.

ಮೊದಲು ಒಂದು ಕೆಲಸ ನಿಲ್ಲಿಸಬೇಕು. ಟೀಚರ್ ಇಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನಲ್ಲಿ ಬರೆಯುವ ಕೆಲಸ ನಿಮ್ಮಲ್ಲಿ ಯಾರದು? ತರಗತಿ ಲೀಡರ್‌ದೇ ಆಗಿದ್ದರೆ ಅವನು ಮಕ್ಕಳ ಪ್ರತಿನಿಧಿ ಅಲ್ಲ, ಟೀಚರ್ ನೇಮಿಸಿದ ಪೊಲೀಸ್. ಮತ ಹಾಕಿದವರು ಅವನನ್ನು ನಂಬಿ ತಮ್ಮ ಕಷ್ಟ ಹೇಳುವುದು ಹೇಗೆ? ಶಿಸ್ತು ಮಂತ್ರಿ, ಗಿಡಕ್ಕೆ ನೀರು ಹಾಕಿಸುವ ನೀರಾವರಿ ಮಂತ್ರಿ, ಕಸ ಹೆಕ್ಕಿಸುವ ಸ್ವಚ್ಛತಾ ಮಂತ್ರಿ, ಇವರೆಲ್ಲ ಶಾಲೆಯ ಆಡಳಿತಕ್ಕೆ ಬೇಕಾದ ಆಳುಗಳು. ಆ ಕೆಲಸಗಳನ್ನು ಸರದಿ ಪಟ್ಟಿಗೆ ಹಾಕಿ, ವಾರಕ್ಕೊಂದು ಗುಂಪು ಮಾಡಲಿ. ಆಯ್ಕೆಯಾದವರಿಗೆ ಬೇರೆ ಮೂರು ಕೆಲಸ ಕೊಡಿ: ತರಗತಿಯಲ್ಲಿ ಕೇಳಿಸಿಕೊಳ್ಳುವುದು, ಸಭೆಯಲ್ಲಿ ಹೇಳುವುದು, ಬಂದ ಉತ್ತರವನ್ನು ತರಗತಿಗೆ ವಾಪಸ್ ತರುವುದು. ಎಲ್ಲ ಕಡೆ ತಪ್ಪಿಹೋಗುವುದು ಈ ಮೂರನೆಯದೇ.

ಇನ್ನು ಪುಸ್ತಕ. 200 ಪುಟದ ಗಟ್ಟಿ ರಟ್ಟಿನ ನೋಟ್‌ಬುಕ್ ಒಂದು ಸಾಕು. ಎರಡು ಪುಟಕ್ಕೆ ಸೇರಿ ಆರು ಅಂಕಣ ಹಾಕಿ: ಕ್ರಮ ಸಂಖ್ಯೆ, ದಿನಾಂಕ ಮತ್ತು ತರಗತಿ, ವಿಷಯ, ಯಾರು ಉತ್ತರಿಸಬೇಕು, ಉತ್ತರ ಮತ್ತು ದಿನಾಂಕ, ತರಗತಿಗೆ ಹೇಳಿದ ದಿನಾಂಕ. ಕೇಳಿದ ಮಗುವಿನ ಹೆಸರಿಗೆ ಅಂಕಣ ಇಡಬೇಡಿ. ‘ಹುಡುಗಿಯರ ಶೌಚಾಲಯದ ಎರಡನೇ ಬಾಗಿಲಿಗೆ ಚಿಲಕ ಇಲ್ಲ’ ಎಂಬುದನ್ನು ಹೇಳಿದವರು ಯಾರು ಎಂಬುದು ಯಾರಿಗೂ ಬೇಕಾಗಿಲ್ಲ, ಚಿಲಕ ಬೇಕು.

ಹದಿನೈದು ದಿನಕ್ಕೊಮ್ಮೆ ಪ್ರತಿ ತರಗತಿಯಲ್ಲಿ ಒಂದು ಪೀರಿಯಡ್ ಸಭೆ. ಶನಿವಾರದ ಕೊನೆಯ ಪೀರಿಯಡ್‌ಗೆ ಇಟ್ಟರೆ ಬಸ್ಸಿನ ಗಡಿಬಿಡಿಯಲ್ಲಿ ಹಾಳಾಗುತ್ತದೆ, ಅದರ ಹಿಂದಿನದಕ್ಕೆ ಇಡಿ. ತಿಂಗಳಿಗೊಮ್ಮೆ ಸಂಸತ್ತಿನ ಸಭೆ, ಒಂದು ಗಂಟೆ. ಮುಖ್ಯ ಶಿಕ್ಷಕರು ಅಲ್ಲಿ ಕೊನೆಯ ಇಪ್ಪತ್ತು ನಿಮಿಷ ಮಾತ್ರ ಇರಲಿ. ಮೊದಲಿಂದಲೇ ಕುಳಿತರೆ ಮಕ್ಕಳು ಅವರ ಮುಖ ನೋಡಿಕೊಂಡು ಮಾತಾಡುತ್ತಾರೆ. ಪುಸ್ತಕಕ್ಕೆ ಬಂದ ಪ್ರತಿ ವಿಷಯಕ್ಕೂ ಏಳು ಶಾಲಾ ದಿನಗಳೊಳಗೆ ಲಿಖಿತ ಉತ್ತರ ಬರಬೇಕು. ಉತ್ತರ ಮೂರೇ ಬಗೆಯದು: ‘ಆಗುತ್ತದೆ, ಇಂಥವರು ಇಂಥ ದಿನದೊಳಗೆ ಮಾಡುತ್ತಾರೆ’; ‘ಆಗುವುದಿಲ್ಲ, ಕಾರಣ ಇದು’; ‘ನಮ್ಮ ಕೈಯಲ್ಲಿಲ್ಲ, ಇಂಥ ಕಚೇರಿಗೆ ಇಂಥ ದಿನ ಬರೆದಿದ್ದೇವೆ’. ‘ನೋಡೋಣ’ ಎಂಬ ಪದಕ್ಕೆ ಆ ಅಂಕಣದಲ್ಲಿ ಜಾಗವಿಲ್ಲ ಎಂದು ಜೂನ್‌ನಲ್ಲೇ ಮುಖ್ಯ ಶಿಕ್ಷಕರ ಜೊತೆ ಕೂತು ಒಪ್ಪಂದ ಮಾಡಿಕೊಳ್ಳಿ. ಈ ಒಪ್ಪಂದ ಆಗದಿದ್ದರೆ ಚುನಾವಣೆಯನ್ನೇ ಮುಂದೂಡಿ ಎನ್ನುವವ ನಾನು.

‘ಆಗುವುದಿಲ್ಲ’ ಎಂದು ಬರೆಯಲು ಹೆದರುವುದು ಬೇಡ. ಕಾರಣ ಸಮೇತ ಬಂದ ‘ಇಲ್ಲ’ವನ್ನು ಮಕ್ಕಳು ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ಸ್ವೀಕರಿಸುತ್ತಾರೆ, ಮುಂದಿನ ಸಭೆಗೆ ಆ ಕಾರಣಕ್ಕೇ ಮದ್ದು ಹುಡುಕಿಕೊಂಡು ಬರುತ್ತಾರೆ. ಸಾಧ್ಯವಿದ್ದರೆ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮಾತಾಡಿ ಎರಡು ಮೂರು ಸಾವಿರ ರೂಪಾಯಿಯನ್ನು ಸಂಸತ್ತಿನ ತೀರ್ಮಾನಕ್ಕೆ ಬಿಡಿ. ಚಿಲಕವೋ, ಬಕೆಟ್ಟೋ, ಕೇರಂ ಬೋರ್ಡೋ ಎಂದು ಅವರೇ ಚರ್ಚಿಸಿ ಖರ್ಚು ಮಾಡಿ, ಬಿಲ್ಲನ್ನು ನೋಟಿಸ್ ಬೋರ್ಡಿಗೆ ಅಂಟಿಸಲಿ. ಬಜೆಟ್ ಎಂದರೇನು ಎಂದು ಪಠ್ಯಪುಸ್ತಕ ನಾಲ್ಕು ಪುಟದಲ್ಲಿ ಹೇಳುವುದು ಇಲ್ಲಿ ಒಂದು ಜಗಳದಲ್ಲಿ ತಿಳಿಯುತ್ತದೆ.

ಚುನಾವಣೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ನಿಮಗೆ ಗೊತ್ತಿದೆ. ಎರಡು ಮಾತು ಮಾತ್ರ. ಆ್ಯಪ್‌ನಲ್ಲಿ ಮಾಡಿದರೆ ಎಣಿಕೆ ಕಾಣುವುದಿಲ್ಲ. ಎ4 ಹಾಳೆಯನ್ನು ನಾಲ್ಕು ಮಾಡಿದರೆ 164 ಮತಪತ್ರಕ್ಕೆ 41 ಹಾಳೆ ಸಾಕು. ಹಾಳಾಗುವುದಕ್ಕೆ ಎರಡು ಹಾಳೆ ಹೆಚ್ಚಿಗೆ ಇಟ್ಟುಕೊಳ್ಳಿ. ಚಿಹ್ನೆ ಹಾಕಿ, ಕೊನೆಯಲ್ಲಿ ನೋಟಾ ಇಡಿ, ಅಭ್ಯರ್ಥಿಗಳ ಏಜೆಂಟರ ಎದುರೇ ಎಣಿಸಿ. ತಿರಸ್ಕೃತ ಮತ ಯಾಕೆ ತಿರಸ್ಕೃತ ಎಂಬ ವಾದ ಅಲ್ಲೇ ಏಳಬೇಕು, ಏಳುತ್ತದೆ. ಮತ್ತೊಂದು, ಸೋತವರನ್ನು ಕಳೆದುಕೊಳ್ಳಬೇಡಿ. ಎರಡನೇ ಸ್ಥಾನ ಬಂದವರು ವಿರೋಧ ಪಕ್ಷದ ನಾಯಕರಾಗಲಿ, ಪುಸ್ತಕದ ಐದನೇ ಅಂಕಣ ಖಾಲಿ ಇರುವ ವಿಷಯಗಳನ್ನು ಪ್ರತಿ ಸಭೆಯಲ್ಲಿ ಓದಿ ಹೇಳುವ ಹಕ್ಕು ಅವರಿಗಿರಲಿ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ನಿಂತು ಅಲ್ಪ ಅಂತರದಲ್ಲಿ ಸೋತರು. ಹೆಣ್ಣುಮಕ್ಕಳು ಚುನಾವಣೆಗೆ ನಿಲ್ಲುವುದೇ ಸುದ್ದಿಯಾಗಿದ್ದ ಕಾಲ ಅದು. ಸೋತ ಹುಡುಗಿ ಮಂಕಾಗಿ ಕೂತಿದ್ದರೆ ಈ ಕಥೆ ಹೇಳಿ. ಅರ್ಧದಷ್ಟು ಸ್ಥಾನ ಹುಡುಗಿಯರಿಗೆ ಮೀಸಲಿಟ್ಟಾಗ ‘ಅದ್ಯಾಕೆ’ ಎಂದು ಹುಡುಗರು ಕೇಳುತ್ತಾರೆ. ಕೇಳಲಿ. ಕರ್ನಾಟಕದ ಪಂಚಾಯತ್‌ಗಳಲ್ಲಿ ಮಹಿಳೆಯರಿಗೆ ಶೇ 50 ಮೀಸಲಾತಿ ಇದೆ. ನಿಮ್ಮೂರಿನ ಸದಸ್ಯೆಯೊಬ್ಬರನ್ನು ಕರೆಸಿ, ಮೀಸಲಾತಿ ಇಲ್ಲದಿದ್ದರೆ ನಿಲ್ಲುತ್ತಿದ್ದಿರಾ ಎಂದು ಆ ಹುಡುಗರೇ ಕೇಳಲಿ.

ಈಗ ಬಾಯಿ ಬಿಡದ ಮಕ್ಕಳ ವಿಷಯ. ಅವರಿಗೆ ಧೈರ್ಯ ಇಲ್ಲ ಎಂದು ತೀರ್ಮಾನಿಸುವ ಮೊದಲು ಸಭೆಯ ಭಾಷೆ ಯಾವುದು ಎಂದು ನೋಡಿ. ನಿಮ್ಮ ಭಾಗದಲ್ಲಿ ಮನೆಯಲ್ಲಿ ತುಳು ಆಡುವವರಿದ್ದಾರೆ, ಕುಂದಾಪುರ ಕನ್ನಡದವರಿದ್ದಾರೆ, ಕೊಂಕಣಿ, ಬ್ಯಾರಿ, ಉರ್ದು ಇದ್ದಾವೆ, ಬಾಗಲಕೋಟೆ ಕೊಪ್ಪಳದ ಕಡೆಯ ಮಾತಿದೆ. ಎದ್ದುನಿಂತು ಪುಸ್ತಕದ ಕನ್ನಡದಲ್ಲಿ ಮಾತಾಡಬೇಕು ಎಂದರೆ ಭಾಷಣ ಸ್ಪರ್ಧೆಯಲ್ಲಿ ಗೆಲ್ಲುವ ಮೂವರೇ ಪ್ರತಿ ಸಲ ಮಾತಾಡುತ್ತಾರೆ. ಐದಾರು ಮಕ್ಕಳ ಗುಂಪು ಮಾಡಿ, ನೆಲದ ಮೇಲೆ ವೃತ್ತವಾಗಿ ಕೂರಿಸಿ. ಮಾತು ಯಾವ ಭಾಷೆಯಲ್ಲಾದರೂ ನಡೆಯಲಿ, ಬರೆಯುವುದು ಮಾತ್ರ ಕನ್ನಡದಲ್ಲಿ. ಮೊದಲ ಸುತ್ತಿನಲ್ಲಿ ಎಲ್ಲರೂ ಒಂದೊಂದು ವಾಕ್ಯ ಹೇಳಬೇಕು, ಒಬ್ಬರು ಹೇಳುವಾಗ ಮತ್ತೊಬ್ಬರು ಉತ್ತರಿಸುವಂತಿಲ್ಲ. ಎಲ್ಲರಿಗಿಂತ ಹೆಚ್ಚು ಮಾತಾಡುವ ಮಗುವಿಗೆ ಬರೆದುಕೊಳ್ಳುವ ಕೆಲಸ ಕೊಡಿ. ಕೈ ಕೆಲಸದಲ್ಲಿದ್ದರೆ ಬಾಯಿಗೆ ಸ್ವಲ್ಪ ಬಿಡುವು. ಗುಂಪುಗಳನ್ನು ಎರಡು ತಿಂಗಳಿಗೊಮ್ಮೆ ಮಾತ್ರ ಬದಲಿಸಿ. ಹೊರಜಿಲ್ಲೆಯ ಮಗುವಿಗೆ ಪರಿಚಯ ಆಗುವುದಕ್ಕೇ ತಿಂಗಳು ಬೇಕು.

ಆ ಮಕ್ಕಳಲ್ಲಿ ಹಲವರು ಜುಲೈನಲ್ಲಿ ಸೇರುತ್ತಾರೆ, ಹಬ್ಬಕ್ಕೆ ಊರಿಗೆ ಹೋದರೆ ಮೂರು ವಾರ ಬರುವುದಿಲ್ಲ. ಜೂನ್ ಮೊದಲ ವಾರವೇ ಮತದಾರರ ಪಟ್ಟಿ ಮುಚ್ಚಿದರೆ ಅವರು ಆ ವರ್ಷ ಮತದಾರರೇ ಅಲ್ಲ. ಚುನಾವಣೆಯನ್ನು ಜುಲೈ ಮಧ್ಯಕ್ಕೆ ಇಟ್ಟು, ಹಿಂದಿನ ದಿನದವರೆಗೂ ಹೆಸರು ಸೇರಿಸಲು ಅವಕಾಶ ಕೊಡಿ.

ಕೊರಗ ಮಕ್ಕಳ ವಿಷಯದಲ್ಲಿ ಒಂದು ಎಚ್ಚರಿಕೆ. ಒಳ್ಳೆಯ ಮನಸ್ಸಿನ ಶಿಕ್ಷಕರೇ ಇಲ್ಲಿ ಎಡವುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಗೆಂದು ತರಗತಿಯಲ್ಲಿ ‘ಎಸ್‌ಟಿ ಮಕ್ಕಳು ಎದ್ದು ನಿಲ್ಲಿ’ ಎನ್ನುತ್ತೇವಲ್ಲ, ಆ ಒಂದು ನಿಮಿಷ ಸಮಾನತೆಯ ಹತ್ತು ಪಾಠವನ್ನು ಅಳಿಸುತ್ತದೆ. ಹೆಸರಿನ ಪಟ್ಟಿ ಕಚೇರಿಯಲ್ಲಿದೆ, ಒಬ್ಬೊಬ್ಬರನ್ನೇ ಕರೆದು ಕೊಡಿ. ಅಸ್ಪೃಶ್ಯತೆ, ಅದನ್ನು ನಿಷೇಧಿಸುವ ಸಂವಿಧಾನದ 17ನೇ ವಿಧಿ ಪಾಠ ಮಾಡುವಾಗ ಆ ಮಗುವಿನ ಕಡೆ ನೋಡಿ ‘ನೀನು ಹೇಳು’ ಎನ್ನಬೇಡಿ. ಹಾಗೆಂದು ವಿಷಯವನ್ನೇ ಬಿಡುವುದೂ ತಪ್ಪು. ಕೊರಗರನ್ನು ಕೀಳಾಗಿ ಕಂಡು ಹೀನ ಕೆಲಸ ಮಾಡಿಸುತ್ತಿದ್ದ, ಅವರ ಮೇಲೆ ಹೇರಲಾಗಿದ್ದ ಅಜಲು ಪದ್ಧತಿಯನ್ನು ಕರ್ನಾಟಕ 2000ನೇ ಇಸವಿಯ ಕಾಯ್ದೆಯಲ್ಲಿ ನಿಷೇಧಿಸಿತು. ಇದನ್ನು ಪಾಪದವರ ಕಥೆಯಾಗಿ ಹೇಳದೆ, ಸಂವಿಧಾನದಲ್ಲಿ 17ನೇ ವಿಧಿ ಬಂದು ಐವತ್ತು ವರ್ಷವಾದ ಮೇಲೂ ಇನ್ನೊಂದು ಕಾಯ್ದೆ ಯಾಕೆ ಬೇಕಾಯಿತು ಎಂಬ ಪ್ರಶ್ನೆಯಾಗಿ ಇಡಿ. ಕಾನೂನು ಬರೆದ ಮಾತ್ರಕ್ಕೆ ಊರು ಬದಲಾಗುವುದಿಲ್ಲ ಎಂಬುದನ್ನು ಮಕ್ಕಳೇ ಹೇಳುತ್ತಾರೆ. 1897ರಲ್ಲಿ ಮಂಗಳೂರಿನಲ್ಲಿ ದಲಿತರ ಏಳಿಗೆಗೆಂದು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಕುದ್ಮುಲ್ ರಂಗರಾಯರನ್ನೂ ಇಲ್ಲಿ ತನ್ನಿ. ದೂರದ ಉದಾಹರಣೆ ಯಾಕೆ, ಇಲ್ಲೇ ಇರುವಾಗ.

ನಿಮ್ಮ ಮೂರು ಬೇಡಿಕೆಗಳಿಗೆ ಬರುತ್ತೇನೆ. ಮಕ್ಕಳ ಗ್ರಾಮಸಭೆಗೆ ನಮ್ಮ ಜಿಲ್ಲೆಯಲ್ಲೇ ಬೇರಿದೆ. 1990ರ ದಶಕದಲ್ಲಿ ಕುಂದಾಪುರ ತಾಲೂಕಿನ ಕೆಲವು ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಭೀಮ ಸಂಘ, ಅದರ ಬೆನ್ನಿಗಿದ್ದ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ (ಸಿಡಬ್ಲ್ಯುಸಿ) ಸಂಸ್ಥೆ ಸೇರಿ ಮಕ್ಕಳ ಪಂಚಾಯತ್ ನಡೆಸಿದವು. ಅಲ್ಲಿ ಮಕ್ಕಳು ತಮ್ಮ ಊರಿನ ಸಮೀಕ್ಷೆಯನ್ನು ತಾವೇ ಮಾಡಿ, ಅಂಕಿಸಂಖ್ಯೆ ಹಿಡಿದು ದೊಡ್ಡವರ ಎದುರು ಕೂತರು. ಮಕ್ಕಳ ಗ್ರಾಮಸಭೆ ರಾಜ್ಯಕ್ಕೆಲ್ಲ ಬಂದದ್ದು ಆಮೇಲೆ. ಸಭೆ ಎಲ್ಲ ಕಡೆ ಹರಡಿತು, ಅಂಕಿಸಂಖ್ಯೆ ಹಿಡಿದು ಕೂರುವುದು ಹರಡಲಿಲ್ಲ. ನಿಮ್ಮ ಮಕ್ಕಳು ‘ಬೀದಿದೀಪ ಬೇಕು’ ಎಂದರು. ಯಾವ ಕಂಬ? ಕೆಟ್ಟು ಎಷ್ಟು ದಿನ? ಆ ದಾರಿಯಲ್ಲಿ ಸಂಜೆ ಟ್ಯೂಷನ್ ಮುಗಿಸಿ ಬರುವವರು ಎಷ್ಟು ಮಂದಿ? ಇದಿಲ್ಲದಿದ್ದರೆ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ‘ನೋಡೋಣ’ ಎನ್ನದೆ ಇನ್ನೇನು ಎನ್ನಬೇಕು!

ಪ್ರತಿ ಬೇಡಿಕೆಗೆ ಒಂದು ಪುಟ. ಬೀದಿದೀಪಕ್ಕೆ ಕಂಬದ ನಂಬರ್ ಇದ್ದರೆ ಅದು, ಇಲ್ಲದಿದ್ದರೆ ‘ಇಂಥ ದೈವಸ್ಥಾನದ ತಿರುವಿನಿಂದ ಮೂರನೇ ಕಂಬ’ ಎಂಬ ಗುರುತು, ಕೆಟ್ಟ ದಿನ, ಆ ದಾರಿ ಬಳಸುವ ಮಕ್ಕಳ ಸಂಖ್ಯೆ. ಕಾಲುಸಂಕಕ್ಕೆ ಉದ್ದ, ಅಗಲ, ಹಿಡಿಗಂಬಿ ಇದೆಯೇ, ಯಾವುದರಿಂದ ಮಾಡಿದ್ದು (ಅಡಿಕೆ ಮರವೋ, ಹಲಗೆಯೋ, ಕಾಂಕ್ರೀಟೋ), ಆಚೆ ಎಷ್ಟು ಮನೆ, ಜೂನ್‌ನಿಂದ ಆಗಸ್ಟ್‌ವರೆಗೆ ಎಷ್ಟು ದಿನ ನೀರು ಮೇಲೆ ಬಂದು ಮಕ್ಕಳು ಶಾಲೆ ತಪ್ಪಿಸಿದರು. ಈ ಕೊನೆಯ ಸಂಖ್ಯೆ ನಿಮ್ಮ ಹಾಜರಿ ಪುಸ್ತಕದಲ್ಲೇ ಇದೆ, ಹೆಕ್ಕಿ ತೆಗೆದರೆ ಆಯಿತು. ಅಳತೆ ಮತ್ತು ಫೋಟೊವನ್ನು ಮಳೆ ನಿಂತ ಮೇಲೆ, ದೊಡ್ಡವರ ಜೊತೆ ಹೋಗಿ ತೆಗೆಯಬೇಕು. ಮಳೆಗಾಲದಲ್ಲಿ ಮಕ್ಕಳನ್ನು ಸಂಕದ ಹತ್ತಿರ ಸಮೀಕ್ಷೆಗೆ ಕಳಿಸುವುದು ಬೇಡವೇ ಬೇಡ. ಬಸ್ಸಿಗೆ ಹತ್ತು ಶಾಲಾ ದಿನಗಳ ದಾಖಲೆ: ನಿಲ್ದಾಣ, ಬಸ್ಸು ಬಂದ ಸಮಯ, ನಿಂತಿತೇ ಇಲ್ಲವೇ, ಕಾಯುತ್ತಿದ್ದ ಮಕ್ಕಳೆಷ್ಟು, ಹತ್ತಿದವರೆಷ್ಟು. ನಮ್ಮಲ್ಲಿ ಬಸ್ಸನ್ನು ಹೆಸರಿನಿಂದಲೇ ಕರೆಯುವುದು ರೂಢಿ, ಆದರೆ ಒಂದೇ ಹೆಸರಿನಲ್ಲಿ ಹತ್ತು ಬಸ್ಸು ಓಡುತ್ತವೆ. ನೋಂದಣಿ ಸಂಖ್ಯೆಯನ್ನೇ ಬರೆಯಿಸಿ.

ಆಮೇಲೆ ಯಾರು ಮಾಡಬೇಕು ಎಂಬುದರ ವಿಂಗಡಣೆ. ಬೀದಿದೀಪ ಪಂಚಾಯತ್‌ನ ಕೆಲಸ, ಅಲ್ಲಿಯೇ ಉತ್ತರ ಸಿಗಬೇಕು. ಕಾಲುಸಂಕ ಸಣ್ಣದಾದರೆ ಪಂಚಾಯತ್ ಅನುದಾನದಲ್ಲಿ ಆಗಬಹುದು, ದೊಡ್ಡದಕ್ಕೆ ಜಿಲ್ಲಾ ಪಂಚಾಯತ್ ಅಥವಾ ಶಾಸಕರ ಕಡೆಯಿಂದ ಹಣ ಬರಬೇಕು. ಪಂಚಾಯತ್ ಮಾಡಬೇಕಾದದ್ದು ನಿರ್ಣಯ ಮಾಡಿ ಕಳಿಸುವುದು. ಬಸ್ಸು ನಿಲ್ಲಿಸುವ ಅಧಿಕಾರ ಪಂಚಾಯತ್‌ಗೆ ಇಲ್ಲವೇ ಇಲ್ಲ. ಖಾಸಗಿ ಬಸ್ಸಿನ ಪರವಾನಗಿ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಆ ಬೇಡಿಕೆಯನ್ನು ಪಂಚಾಯತ್‌ನಲ್ಲಿ ಇಟ್ಟದ್ದೇ ತಪ್ಪು ವಿಳಾಸ. ಶಾಲೆಯಿಂದ ನೇರ ಆರ್‌ಟಿಒ ಕಚೇರಿಗೆ, ಒಂದು ನಕಲು ಜಿಲ್ಲಾಧಿಕಾರಿಗೆ ಎಂದು ಹತ್ತು ದಿನಗಳ ದಾಖಲೆ ಲಗತ್ತಿಸಿ ಬರೆಯಿರಿ. ಮೂರು ಬೇಡಿಕೆ, ಮೂರು ದಾರಿ. ಸರ್ಕಾರ ಎಂಬುದು ಒಂದೇ ಕಿಟಕಿಯ ಅಂಗಡಿ ಅಲ್ಲ ಎಂಬುದು ಮಕ್ಕಳಿಗೆ ತಿಳಿಯುವುದು ಇಲ್ಲಿ.

ಸಮಯದ ಲೆಕ್ಕ ಇದಕ್ಕಿಂತಲೂ ಮುಖ್ಯ. ಗ್ರಾಮ ಪಂಚಾಯತ್‌ನ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ತಯಾರಿ ಅಕ್ಟೋಬರ್ 2ರ ಆಸುಪಾಸಿನಲ್ಲಿ ಸುರುವಾಗುತ್ತದೆ. ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ನಂತರ, ಕೆಲವೆಡೆ ಜನವರಿಯಲ್ಲಿ ನಡೆಯುತ್ತದೆ. ಅಷ್ಟರಲ್ಲಿ ಕ್ರಿಯಾಯೋಜನೆ ಹೆಚ್ಚುಕಡಿಮೆ ಸಿದ್ಧ. ಮಕ್ಕಳ ಬೇಡಿಕೆ ಒಳ್ಳೆಯದೇ ಆದರೂ ಹಣ ಹಂಚಿಹೋದ ಮೇಲೆ ಬಂದರೆ ಎಲ್ಲಿ ಸೇರಿಸುವುದು? ದಸರಾ ರಜೆಗೆ ಮೊದಲೇ ಪುಟಗಳನ್ನು ಸಿದ್ಧಪಡಿಸಿ, ಮುಖ್ಯ ಶಿಕ್ಷಕರ ಸಹಿಯ ಪತ್ರದೊಂದಿಗೆ ಪಂಚಾಯತ್‌ಗೆ ಕೊಟ್ಟು, ಎರಡನೇ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರು ಇಲ್ಲದ ಪತ್ರ ಕೊಟ್ಟರೂ ಕೊಡದಿದ್ದರೂ ಒಂದೇ. ಕೊಡಲು ನಾಲ್ಕು ಮಕ್ಕಳೂ ಬರಲಿ, ಕಚೇರಿಯ ಕೌಂಟರ್ ನೋಡುವುದೂ ಪಾಠವೇ. ಆ ಹೊತ್ತಿಗೇ ಅಧ್ಯಕ್ಷರನ್ನು, ಪಿಡಿಒ ಅವರನ್ನು ಕಂಡು ಮಾತಾಡಿಬಿಡಿ. ತುಂಬಿದ ಸಭೆಯಲ್ಲಿ ಮಕ್ಕಳ ಕೈಯಲ್ಲಿ ಅವರನ್ನು ಮುಜುಗರಕ್ಕೆ ಸಿಲುಕಿಸಿದರೆ ಆ ದಿನ ಚಪ್ಪಾಳೆ ಬೀಳಬಹುದು, ಕೆಲಸ ಆಗುವುದಿಲ್ಲ. ಮಕ್ಕಳನ್ನು ಊರ ರಾಜಕೀಯಕ್ಕೆ ಬಾಣ ಮಾಡಿಕೊಳ್ಳುವವರು ಎರಡೂ ಕಡೆ ಇರುತ್ತಾರೆ, ಅವರಿಂದ ದೂರ ಇರಿ.

ಸಭೆಯ ದಿನ ಸ್ವಾಗತ, ದೀಪ ಬೆಳಗುವುದು, ಹೂ ಕೊಡುವುದು, ಅತಿಥಿಗಳ ಹಿತನುಡಿ ಎಂದು ಮುಕ್ಕಾಲು ಗಂಟೆ ಹೋಗುತ್ತದೆ. ಮೊದಲೇ ಕೇಳಿಕೊಂಡು ಇದನ್ನು ಹತ್ತು ನಿಮಿಷಕ್ಕೆ ಇಳಿಸಿ. ಕಾರ್ಯಸೂಚಿಯ ಮೊದಲ ವಿಷಯ ಹಿಂದಿನ ವರ್ಷದ ಸಭೆಯ ಅನುಪಾಲನಾ ವರದಿ, ಅಂದರೆ ಅಲ್ಲಿನ ತೀರ್ಮಾನಗಳ ಮೇಲೆ ಏನು ಕ್ರಮವಾಯಿತು ಎಂಬ ವರದಿ, ಆಗಿರಬೇಕು. ಈ ಪದವನ್ನು ಮಕ್ಕಳಿಗೆ ಕಲಿಸಿ, ಕಚೇರಿಯವರಿಗೆ ಅರ್ಥವಾಗುವ ಭಾಷೆ ಇದು. ‘ನಮ್ಮ ಬೇಡಿಕೆ ಏನಾಯಿತು’ ಎಂದರೆ ಸಮಾಧಾನದ ಮಾತು ಸಿಗುತ್ತದೆ. ‘ಹಿಂದಿನ ನಡಾವಳಿಯ ಅನುಪಾಲನಾ ವರದಿ ಓದಿ ಸರ್’ ಎಂದರೆ ಕಡತ ತೆರೆಯಬೇಕಾಗುತ್ತದೆ. ಸಭೆ ಮುಗಿದ ಹದಿನೈದು ದಿನದೊಳಗೆ ನಡಾವಳಿಯ ಪ್ರತಿಯನ್ನು ಶಾಲೆಗೆ ಕೇಳಿ ತರಿಸಿ. ಎರಡು ಸಲ ಕೇಳಿದರೂ ಬಾರದಿದ್ದರೆ ಮಾಹಿತಿ ಹಕ್ಕು ಇದೆ: 10 ರೂಪಾಯಿ ಶುಲ್ಕ, ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ, 30 ದಿನದಲ್ಲಿ ಉತ್ತರ. 2005ರ ಕಾಯ್ದೆ ‘ನಾಗರಿಕರು’ ಎನ್ನುತ್ತದೆ, ವಯಸ್ಸಿನ ಮಿತಿ ಹೇಳುವುದಿಲ್ಲ. ಆದರೂ ಅರ್ಜಿಯಲ್ಲಿ ಮಗುವಿನ ಹೆಸರು ಹಾಕಬೇಡಿ, ಪೋಷಕರೊಬ್ಬರು ಹಾಕಲಿ.

ಬಾಯಿ ತೆರೆಯುವ ಜಾಗ ಮಾಡಿಕೊಟ್ಟರೆ ನೀವು ನಿರೀಕ್ಷಿಸದ ಮಾತೂ ಬರುತ್ತದೆ, ಅದಕ್ಕೆ ಸಿದ್ಧರಾಗಿರಿ. ಮನೆಯ ಹೊಡೆತ, ಬಸ್ಸಿನಲ್ಲಿ ಮೈಮುಟ್ಟುವವರು, ನಿಶ್ಚಿತಾರ್ಥಕ್ಕೆ ದಿನ ನೋಡುತ್ತಿರುವ ಅಪ್ಪ ಅಮ್ಮ. ಗುಂಪಿನಲ್ಲಿ ಇಂಥದ್ದು ಬಂದರೆ ಅಲ್ಲೇ ವಿವರ ಕೇಳಬಾರದು, ಪುಸ್ತಕದಲ್ಲಿ ಬರೆಯಬಾರದು. ಮಗುವನ್ನು ಮೆಲ್ಲಗೆ ಬೇರೆ ಕರೆದು, ಮಗು ಹೇಳಿದಷ್ಟನ್ನು ಕೇಳಿಸಿಕೊಂಡು, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ನಿಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಕಡ್ಡಾಯ. ‘ಯಾರಿಗೂ ಹೇಳುವುದಿಲ್ಲ’ ಎಂಬ ಮಾತು ಕೊಡಲೇಬೇಡಿ, ಉಳಿಸಿಕೊಳ್ಳಲು ಆಗುವುದಿಲ್ಲ. ದೂರು ಪೆಟ್ಟಿಗೆ ಇಟ್ಟರೆ ಅದನ್ನು ಸಿಸಿ ಕ್ಯಾಮೆರಾದ ಕೆಳಗೆ, ಸ್ಟಾಫ್ ರೂಮಿನ ಎದುರು ಇಡಬೇಡಿ. ವಾರಕ್ಕೊಮ್ಮೆ ಗೊತ್ತಾದ ದಿನ ಇಬ್ಬರು ಸೇರಿ ತೆರೆಯಿರಿ, ಅವರಲ್ಲಿ ಒಬ್ಬರು ಮಹಿಳೆ ಇರಲಿ.

ಧರ್ಮದ ವಿಷಯ ತರಗತಿಗೆ ಬಂದೇ ಬರುತ್ತದೆ, ನಮ್ಮ ಜಿಲ್ಲೆಯಲ್ಲಂತೂ ಇನ್ನೂ ಬೇಗ. ಹಿಜಾಬ್ ವಿವಾದ ಎದ್ದದ್ದೇ ಉಡುಪಿಯಲ್ಲಿ. ಅದರಿಂದ ಸುರು ಮಾಡಬೇಡಿ. ಚಿಲಕ, ಬಸ್ಸು, ಸಂಕದ ಮೇಲೆ ಆರು ತಿಂಗಳು ಒಟ್ಟಿಗೆ ಕೂತು ಕೆಲಸ ಮಾಡಿದ ಮಕ್ಕಳು ಇಂಥ ಮಾತನ್ನು ಬೇರೆಯೇ ರೀತಿ ಆಡುತ್ತಾರೆ. ಆಡಬೇಕಾಗಿ ಬಂದಾಗ ವಾಟ್ಸಾಪ್ ಹೇಳಿಕೆಗಳನ್ನು ಪಕ್ಕಕ್ಕಿಟ್ಟು ತೀರ್ಪಿಗೆ ಹೋಗಿ. 2022ರ ಮಾರ್ಚ್‌ನಲ್ಲಿ ಹೈಕೋರ್ಟ್ ಒಂದು ತೀರ್ಪು ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದೇ ಸಂವಿಧಾನ ಓದಿ ಎರಡು ಬೇರೆ ತೀರ್ಮಾನಕ್ಕೆ ಬಂದರು. ಇಬ್ಬರ ವಾದವನ್ನೂ ಸರಳ ಕನ್ನಡದಲ್ಲಿ ಒಂದೊಂದು ಪುಟ ಮಾಡಿ ಕೊಡಿ. ಪ್ರತಿ ಮಗುವೂ ಮೊದಲು ತಾನು ಒಪ್ಪದ ಪುಟದ ವಾದವನ್ನು ತನ್ನ ಮಾತಿನಲ್ಲಿ ಹೇಳಬೇಕು, ಆಮೇಲೆ ತನ್ನದು. ಟೀಚರ್ ಅಭಿಪ್ರಾಯ ಕೊನೆಗೂ ಗೊತ್ತಾಗಬಾರದು.

ಹತ್ತನೇ ತರಗತಿಯವರಿಗೆ ಮತದಾರರ ಪಟ್ಟಿಯ ವಿಷಯ ಒಂದು ಪೀರಿಯಡ್ ಸಾಕು: 17 ತುಂಬಿದ ಮೇಲೆ ನಮೂನೆ 6ರಲ್ಲಿ ಮುಂಗಡ ಅರ್ಜಿ ಹಾಕಬಹುದು, 18 ತುಂಬುವುದನ್ನು ಲೆಕ್ಕ ಹಾಕುವ ದಿನಗಳು ವರ್ಷಕ್ಕೆ ನಾಲ್ಕು, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಉಳಿದದ್ದು ಪಿಯುಸಿಯಲ್ಲಿ ನೋಡಿಕೊಳ್ಳುತ್ತಾರೆ.

ಯಾಕೆ ಕೇಳಬೇಕು ಎಂದ ಆ ಹುಡುಗ ಇನ್ನೂ ನಿಮ್ಮ ಶಾಲೆಯಲ್ಲೇ ಇದ್ದರೆ, ಪಂಚಾಯತ್‌ಗೆ ಅನುಪಾಲನಾ ವರದಿ ಕೇಳುವ ಪತ್ರವನ್ನು ಅವನ ಕೈಯಲ್ಲೇ ಬರೆಯಿಸಿ. ಉತ್ತರ ಬರಲು ಎರಡು ತಿಂಗಳಾಗಬಹುದು. ಅಷ್ಟರಲ್ಲಿ ಹತ್ತನೆಯವರಿಗೆ ಪೂರ್ವಸಿದ್ಧತಾ ಪರೀಕ್ಷೆ ಸುರುವಾಗುತ್ತದೆ, ಸಂಸತ್ತು ಎರಡನೇ ಸಲ ಮಲಗುವುದು ಆಗಲೇ. ಹಾಗಾಗಿ ಜನವರಿ ಮೊದಲ ವಾರ ಪುಸ್ತಕವನ್ನು ಒಂಬತ್ತನೇ ತರಗತಿಗೆ ದಾಟಿಸಿ. ಖಾಲಿ ಉಳಿದ ಉತ್ತರಗಳಿಗೆ ಕೆಂಪು ಶಾಯಿಯ ಗುರುತು ಹಾಕಿ, ಪ್ರತಿಯೊಂದನ್ನೂ ಮುಂದೆ ಯಾರು ಹಿಂಬಾಲಿಸುತ್ತಾರೆ ಎಂದು ಪಕ್ಕದಲ್ಲಿ ಬರೆದು, ಎರಡೂ ತರಗತಿಯವರು ಸಹಿ ಮಾಡಲಿ. ಜೂನ್‌ನ ಮೊದಲ ಸಭೆಗೆ ಕಾರ್ಯಸೂಚಿ ಆ ಕೆಂಪು ಗುರುತುಗಳೇ.